ಚುಕ್ಕಿ ಕದಲಲಿಲ್ಲ

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಉಸ್ತಾದ ಹೆಂಡತಿಯ ಜಡೆ ಹಿಡಿದು ಅವಳ ಮುಖವನ್ನು ಅನ್ನದ ತಟ್ಟೆಗೆ ಒತ್ತಿದ. ಅನ್ನ ಆಗಷ್ಟೇ ಬಡಿಸಿದ್ದು, ಹಬೆಯಾಡುತ್ತಿತ್ತು. ಪಕ್ಕದಲ್ಲಿದ್ದ ಅವನ ತಾಯಿ ಬೇಳೆಯ ಪಾತ್ರೆ ಉರುಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎದುರಿಗಿದ್ದ ತಂಗಿ ಎದ್ದು ನಿಂತಳು. ನಿಂತಲ್ಲೇ ನಿಂತಳು.

"ಗುರುವಾರ ಮೂರೂ ಹತ್ತರಿಂದ ಮೂರೂ ಐವತ್ತು. ಪೆಟ್ರೋಲ್ ಬಂಕಿನ ಎದುರು. ಏನಿತ್ತು ಅಲ್ಲಿ?"

"ಜೆರಾಕ್ಸ್ ರೀ..."

"ನಲವತ್ತು ನಿಮಿಷ ಜೆರಾಕ್ಸಾ? ಏನು, ಟೆಲಿಫೋನ್ ಡೈರೆಕ್ಟರಿ ಪೂರ್ತಿ ಮಾಡಿಸಿದ್ಯಾ?"

"ಕರೆಂಟ್ ಹೋಗಿತ್ತು."

"ಬಿಡೋ, ಸಾಕು," ತಾಯಿ ಹೇಳಿದಳು. "ಅವಳ ಮೇಲಿನ ಕೋಪಕ್ಕೆ ಅನ್ನ ಏನು ಪಾಪ ಮಾಡಿತ್ತು?"

ಅವನು ಬಿಟ್ಟ. ಸೊಸೆಯ ಹಣೆ, ಕೆನ್ನೆ ಕೆಂಪಗೆ ಸುಟ್ಟಿದ್ದವು. ಹುಬ್ಬಿಗೆ ಅಂಟಿದ ಅಗುಳುಗಳನ್ನು ಒಂದೊಂದೇ ತೆಗೆದು ತಟ್ಟೆಯಂಚಿಗೆ ಇಟ್ಟಳು. ಉಸ್ತಾದ ಇನ್ನೊಂದು ಸಲ ಬೇಳೆ ಹಾಕಿಸಿಕೊಂಡು ಊಟ ಮುಗಿಸಿದ.

ಉಸ್ತಾದ ಅನ್ನುವುದು ಮಾರುಕಟ್ಟೆಯವರು ಇಟ್ಟ ಹೆಸರು. ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಕಪಾಟಿನಷ್ಟು ಅಗಲದ ಅಂಗಡಿ, ಅದರಲ್ಲಿ ಮೊಬೈಲ್ ರಿಪೇರಿ. ನೀರಿಗೆ ಬಿದ್ದದ್ದು, ಬಸ್ಸಿನ ಚಕ್ರಕ್ಕೆ ಸಿಕ್ಕಿದ್ದು, ಎಲ್ಲ ಅವನ ಕೈಯಲ್ಲಿ ಮತ್ತೆ ಬೆಳಕು ಕಾಣುತ್ತಿದ್ದವು. ತಂಗಿ ಹತ್ತನೇ ಕ್ಲಾಸು ಮುಗಿಸಿ ಆರು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದಳು. ಸಾಸಿವೆಗಿಂತ ಚಿಕ್ಕ ಸ್ಕ್ರೂವನ್ನೂ ಚಿಮಟಿಗೆಯಲ್ಲಿ ಎತ್ತುತ್ತಿದ್ದಳೆಂದು ಅವಳಿಗೆ ಸೂಜಿ ಎಂದು ಹೆಸರು. ಕಲಿಸಿದವನು ಅಣ್ಣನೇ. ಒಂದು ಬೋರ್ಡು ಸುಟ್ಟ ದಿನ ಬೆಸುಗೆ ಹಾಕುವ ಕಡ್ಡಿಯನ್ನು ಅವಳ ಮಣಿಕಟ್ಟಿಗೆ ಮುಟ್ಟಿಸಿ, "ಈಗ ಬಿಸಿ ಎಷ್ಟು ಅಂತ ಗೊತ್ತಾಯ್ತಾ?" ಎಂದಿದ್ದ. ಗುರುತು ಇನ್ನೂ ಇತ್ತು.

ಪಾತ್ರೆ ತೊಳೆಯುವಾಗ ಸೂಜಿ ಅತ್ತಿಗೆಯ ಪಕ್ಕ ಬಂದು ನಿಂತಳು.

"ಅತ್ತಿಗೆ, ನಿಮ್ಮ ಫೋನ್ ಕೊಡಿ."

"ಯಾಕೆ?"

"ಕಣ್ಣಲ್ಲಿ ನೋಡಿದವರು ಮೂರರ ಸುಮಾರಿಗೆ ಅಂತಾರೆ. ಮೂರೂ ಹತ್ತು, ಮೂರೂ ಐವತ್ತು ಅಂತ ಲೆಕ್ಕ ಒಪ್ಪಿಸೋದು ಯಂತ್ರ ಮಾತ್ರ."

ಸೊಸೆ ಒದ್ದೆ ಕೈಯನ್ನು ಅಂಗಿಗೆ ಒರೆಸಿ ಫೋನ್ ಕೊಟ್ಟಳು. ಅದು ಗಂಡನೇ ಹಿಂದಿನ ವರ್ಷ ಸರಿಮಾಡಿ ಕೊಟ್ಟ ಫೋನು. ಕೊಡುವಾಗ ಇದೇ ಊಟದ ಮೇಜಿನ ಮುಂದೆ ದೊಡ್ಡ ಭಾಷಣ ಮಾಡಿದ್ದ. ರೂಟ್ ಮಾಡಿದೀನಿ, ಇನ್ನು ಜಾಹೀರಾತಿನ ಕಾಟ ಇಲ್ಲ, ಕಂಪನಿಯವರು ತುರುಕಿದ ಕಸವೆಲ್ಲ ಕಿತ್ತು ಹಾಕಿದೀನಿ, ಬ್ಯಾಟರಿ ಎರಡು ದಿನ ಬರುತ್ತೆ, ಹಳೇ ಎತ್ತು ಹೊಸ ಕುದುರೆ ಹಾಗೆ ಓಡುತ್ತೆ. ತಾಯಿಯ ಫೋನನ್ನೂ ಹಾಗೇ ಮಾಡಿಕೊಟ್ಟಿದ್ದ. ಅತ್ತೆಗಂತೂ ಧಾರಾವಾಹಿಯ ನಡುವೆ ಸೋಪಿನ ಜಾಹೀರಾತು ಬಾರದಿರುವುದೇ ಸ್ವರ್ಗ. ಒಂದೇ ತೊಡಕೆಂದರೆ ಅಂಥ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆಯಲು ಒಪ್ಪುತ್ತಿರಲಿಲ್ಲ. "ಅದಕ್ಕೇನು, ನನ್ನದರಲ್ಲಿ ಹಾಕ್ಕೊಂಡ್ರೆ ಆಯ್ತು," ಎಂದಿದ್ದ. ಅಂದಿನಿಂದ ಸೊಸೆಯ ಸಂಬಳ ಅವನ ಬೆರಳಿನಲ್ಲೇ ಬರುತ್ತಿತ್ತು, ಹೋಗುತ್ತಿತ್ತು.

ಸೂಜಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

"ಇದೆ. ನೀವು ಎಲ್ಲಿದೀರ ಅಂತ ಅವನ ಫೋನಿನಲ್ಲಿ ಒಂದು ಕೆಂಪು ಚುಕ್ಕಿ ತೋರಿಸುತ್ತೆ. ಯಾರಿಗಾದ್ರೂ ಫೋನ್ ಮಾಡಿ ಮಾತಾಡಿದ್ದೂ ಅವನಿಗೆ ಹೋಗುತ್ತೆ."

"ತೆಗೆದುಬಿಡು."

"ಬುಡದಲ್ಲೇ ಕೂರಿಸಿದಾನೆ. ಫೋನನ್ನ ಪೂರ್ತಿ ಅಳಿಸಿದ್ರೂ ಮತ್ತೆ ಏಳುತ್ತೆ."

"ಅಂದ್ರೆ?"

ಮಾತು ಹೊರಗೆ ಕೇಳದಿರಲೆಂದು ಸೂಜಿ ನಲ್ಲಿ ಜೋರಾಗಿ ಬಿಟ್ಟಳು. "ಹೊಸ ಫೋನ್ ಕೊಂಡಾಗ ಮನೆ ನಮ್ಮದು, ಆದ್ರೆ ಒಂದು ಕೋಣೆಗೆ ಕಂಪನಿಯವರೇ ಬೀಗ ಹಾಕಿರ್ತಾರೆ. ರೂಟ್ ಮಾಡೋದು ಅಂದ್ರೆ ಆ ಬೀಗ ಒಡೆಯೋದು. ಆಮೇಲೆ ಮನೆಯೆಲ್ಲ ನಮ್ಮದೇ. ಗೋಡೆ ಬೇಕಾದ್ರೂ ಕೆಡವಬಹುದು. ಕೆಡವೋದು ತಪ್ಪಿದ್ರೆ ಫೋನು ಸತ್ತು ಇಟ್ಟಿಗೆ ಆಗುತ್ತೆ, ಅದು ಬೇರೆ."

"ಒಳ್ಳೇದೇ ಅಲ್ವಾ, ನಮ್ಮದಾದ್ರೆ."

"ಬೀಗ ಒಡೆದವನ ಹತ್ರಾನೇ ಬೀಗದ ಕೈ ಇರುತ್ತೆ ಅತ್ತಿಗೆ. ನಿಮ್ಮದಕ್ಕೆ ಮೊದಲು ಒಳಗೆ ಹೋದವನು ಅಣ್ಣ."

ಸೊಸೆ ನಲ್ಲಿಯ ಕೆಳಗೆ ಸುಟ್ಟ ಕೆನ್ನೆ ಹಿಡಿದಳು. ಆಮೇಲೆ ಜೆರಾಕ್ಸ್ ಯಾತಕ್ಕೆಂದು ಹೇಳಿದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು. ಆಸ್ಪತ್ರೆಗೆ ಆಂಬುಲೆನ್ಸ್ ಓಡಿಸುವವರು ಸಾಲದೆ, ಇರುವ ನೌಕರರಿಗೇ ಆರು ವಾರ ಕಲಿಸಿ ಪರೀಕ್ಷೆ ಮಾಡುತ್ತೇವೆಂದು ನೋಟೀಸು ಹಾಕಿದ್ದರು. ಪಾಸಾದವರಿಗೆ ಕಾಂಪೌಂಡಿನೊಳಗೇ ಎರಡು ಕೋಣೆಯ ಕ್ವಾರ್ಟರ್ಸ್. ಅವಳು ತವರಿನಲ್ಲಿ ಅಪ್ಪನ ತರಕಾರಿ ವ್ಯಾನು ಓಡಿಸಿದವಳು, ಲೈಸೆನ್ಸ್ ಇತ್ತು. ಅರ್ಜಿ ಹಾಕಿಬಿಟ್ಟಿದ್ದಳು. ತರಬೇತಿ ದಿನಾ ಎರಡರಿಂದ ನಾಲ್ಕು, ಊರಾಚೆಯ ಮೈದಾನದಲ್ಲಿ.

"ಕ್ವಾರ್ಟರ್ಸಿಗೆ ಹೋಗಿಬಿಡ್ತೀನಿ. ಗೇಟಿಗೆ ಕಾವಲುಗಾರ ಇದಾನೆ," ಎಂದಳು. "ಇಲ್ಲಿದ್ರೆ ಇವರ ಕೈಯಲ್ಲಿ ಒಂದು ದಿನ ಸತ್ತೇ ಹೋಗ್ತೀನಿ ಕಣೇ."

"ಫೋನನ್ನ ಲಾಂಡ್ರಿಲೇ ಇಟ್ಟು ಹೋಗಿ."

"ಮೂರು ಗಂಟೆಗೆ ಫೋನ್ ಮಾಡ್ತಾರಲ್ಲ. ಎತ್ತದಿದ್ರೆ?"

ಸೂಜಿ ಯೋಚಿಸಿದಳು. "ಹಾಗಾದ್ರೆ ಸುಳ್ಳು ಹೇಳೋದನ್ನ ಫೋನಿಗೇ ಕಲಿಸೋಣ. ಅವನು ಒಡೆದ ಬೀಗವೇ. ನಾವೂ ಅದೇ ಬಾಗಿಲಲ್ಲಿ ಹೋಗೋದು."

ಮರುದಿನದಿಂದ ಮಧ್ಯಾಹ್ನ ಒಂದರಿಂದ ಐದರವರೆಗೆ ಕೆಂಪು ಚುಕ್ಕಿ ಲಾಂಡ್ರಿಯಲ್ಲಿ ಕೂತಿರುತ್ತಿತ್ತು. ಸೊಸೆ ಬೆಳಗಿನ ಆರರ ಪಾಳಿ ಹಾಕಿಸಿಕೊಂಡು, ಒಂದು ಗಂಟೆಗೆ ಕೈ ಒರೆಸಿ ಮೈದಾನಕ್ಕೆ ಹೋಗುತ್ತಿದ್ದಳು. ಮೂರಕ್ಕೆ ಫೋನು ಬಂದರೆ ಇಂಜಿನ್ ಜೋರು ಮಾಡಿ ಎತ್ತುತ್ತಿದ್ದಳು.

"ಏನದು ಸದ್ದು?"

"ಮೆಷಿನ್ ರೀ. ಹಿಂಡ್ತಾ ಇದೆ."

"ಹ್ಞೂಂ."

ಎರಡನೇ ವಾರ ಅತ್ತೆಗೆ ವಾಸನೆ ಬಡಿಯಿತು. ಸೊಸೆಯ ಅಂಗಿಯಲ್ಲಿ ಸೋಪಿನ ಬದಲು ಡೀಸೆಲ್ ನಾತ. "ಎಲ್ಲಿ ತಿರುಗ್ತಿದಾಳೆ ಇವಳು? ಸಂಜೆ ಅವನು ಬರಲಿ," ಎಂದು ಅಕ್ಕಿ ಆರಿಸುತ್ತಾ ಮಗಳ ಮುಂದೆ ಗೊಣಗಿದಳು.

"ಹೇಳು, ಹೇಳು. ನೀನು ಹೇಳದೆ ಇದ್ರೂ ಅವನಿಗೆ ಗೊತ್ತಾಗುತ್ತೆ, ಫೋನಿನಲ್ಲಿ ನೀನು ಯಾರ ಹತ್ರ ಏನಂದೆ ಅಂತ," ಎಂದಳು ಸೂಜಿ.

"ಅಂದ್ರೆ ಏನೇ?"

ಸೂಜಿ ತಾಯಿಯ ಫೋನ್ ತೆಗೆದು, ಅದರೊಳಗೆಲ್ಲೋ ಹುಡುಕಿ, ಒಂದು ಗುಂಡಿ ಒತ್ತಿದಳು. ಅತ್ತೆಯ ಧ್ವನಿಯೇ ಕೇಳಿಸಿತು. ಹಿಂದಿನ ಮಂಗಳವಾರ ತನ್ನ ಅಕ್ಕನ ಜೊತೆ ಫೋನಿನಲ್ಲಿ ಆಡಿದ್ದ ಮಾತು. "ಇವನೂ ಅವರಪ್ಪನ ಹಾಗೇ ಅಕ್ಕಾ. ಕೈ ಎತ್ತಿದ್ರೆ ಇಳಿಸೋದು ಗೊತ್ತಿಲ್ಲ. ನನಗೇ ಹೆದರಿಕೆ."

ಅತ್ತೆ ಮೊರವನ್ನು ಕೆಳಗಿಟ್ಟಳು. "ಇದನ್ನ ಅವನು ಕೇಳಿದಾನಾ?"

"ಕೇಳಿದಾನೆ ಅಂತ ಇಲ್ಲಿ ಗುರುತಿದೆ."

"ಹೆತ್ತ ತಾಯಿ ಮಾತನ್ನ ಕದ್ದು ಕೇಳ್ತಾನಾ? ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಅಲ್ವೇನೇ?" ಮಗಳ ಕೈಯಿಂದ ಅದನ್ನು ಕಿತ್ತುಕೊಂಡು, "ಜಾಹೀರಾತು ಬರಲ್ಲ ಅಂತ ಕುಣಿದೆನಲ್ಲ, ಮುಂಡೇದು," ಎಂದು ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತು ಮುಚ್ಚಳ ಹಾಕಿದಳು.

ಸಂಜೆ ಅವಳು ಏನೂ ಹೇಳಲಿಲ್ಲ. ಆದರೆ ಉಸ್ತಾದನಿಗೆ ಬೇರೆ ಕಾರಣ ಸಿಕ್ಕಿತು. ಮೊಟ್ಟೆಗೆ ಉಪ್ಪು ಹೆಚ್ಚಾಗಿತ್ತು. ಬಿಸಿ ಬಾಣಲೆಯನ್ನು ಗೋಡೆಗೆ ಎಸೆದ. ಅದು ಪುಟಿದು ಸೊಸೆಯ ಪಾದಕ್ಕೆ ಬಿತ್ತು. ಮಾರನೆಯ ದಿನ ಅವಳು ಕ್ಲಚ್ಚನ್ನು ಹಿಮ್ಮಡಿಯಲ್ಲಿ ತುಳಿದಳು. ಮೂರನೇ ವಾರ ಏನೂ ಆಗಲಿಲ್ಲ. ನಾಲ್ಕನೇ ವಾರ ಬಾತ್‌ರೂಮಿನ ಬಾಗಿಲು ತೆರೆಯಲು ತಡವಾಯಿತೆಂದು ಒದ್ದು ಚಿಲಕ ಮುರಿದ, ಆಮೇಲೆ ಚಿಲಕವನ್ನು ಸರಿಮಾಡಿದವನೂ ಅವನೇ. "ಮೊದಲಿಗಿಂತ ಗಟ್ಟಿಯಾಗಿದೆ ನೋಡು," ಎಂದು ಹೆಂಡತಿಯನ್ನು ಕರೆದು ತೋರಿಸಿದ.

ಐದನೇ ವಾರದ ಬುಧವಾರ ಎರಡೂವರೆಗೆ ಲಾಂಡ್ರಿಯ ಬಾಯ್ಲರು ಸಿಡಿಯಿತು.

ಸದ್ದಿಗೆ ಗಲ್ಲಿಯ ಅಂಗಡಿಗಳ ಗಾಜು ಅದುರಿತು. ಉಸ್ತಾದ ಸರಿಮಾಡುತ್ತಿದ್ದ ಫೋನಿನ ಪರದೆ ಮೇಜಿನಿಂದ ಜಾರಿ ಬಿತ್ತು. ಯಾರೋ ಓಡುತ್ತಾ, "ಲಾಂಡ್ರಿ! ಲಾಂಡ್ರಿ!" ಎಂದು ಕೂಗಿದರು. ಅವನು ಹೆಂಡತಿಗೆ ಫೋನ್ ಮಾಡಿದ. ಎತ್ತಲಿಲ್ಲ. ಇನ್ನೊಂದು ಸಲ. ಎತ್ತಲಿಲ್ಲ. ಚುಕ್ಕಿ ನೋಡಿದ. ಲಾಂಡ್ರಿಯ ಮಧ್ಯದಲ್ಲಿ ಕೂತಿತ್ತು. ಎಲ್ಲರೂ ಹೊರಗೆ ಓಡುತ್ತಿರುವಾಗ ಅದು ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ.

"ಅಣ್ಣಾ, ನಿಲ್ಲು," ಸೂಜಿ ಹೇಳಿದಳು. "ಅವರು ಹೊರಗೆ ಬಂದಿರ್ತಾರೆ."

"ಬಂದಿಲ್ಲ! ನೋಡಿಲ್ಲಿ! ಬಿದ್ದಿದಾಳೆ!"

ಅವಳು ಅವನ ತೋಳು ಹಿಡಿದಳು. ಆಗ ನಿಜ ಹೇಳಬಹುದಿತ್ತು. ಬಾಯಿಯವರೆಗೆ ಬಂತು. ಅವನು ಮೊಣಕೈಯಿಂದ ಅವಳ ಎದೆಗೆ ಗುದ್ದಿ ಓಡಿದ. ಅವಳು ಉಸಿರು ಸಿಕ್ಕಿ ಎದ್ದು ಗಲ್ಲಿಯ ತುದಿ ಮುಟ್ಟುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಲಾಂಡ್ರಿಯ ಬಾಗಿಲಲ್ಲಿ ಬಿಳಿ ಹಬೆ ಗೋಡೆಯ ಹಾಗೆ ನಿಂತಿತ್ತು. ಮೇಲ್ವಿಚಾರಕಿ ಹೆಂಗಸು ಕೈ ಅಡ್ಡ ಹಿಡಿದಳು. "ಯಾರೂ ಇಲ್ಲಪ್ಪ ಒಳಗೆ! ಎಲ್ಲರನ್ನೂ ಎಣಿಸಿದೀನಿ!"

"ನನ್ನ ಹೆಂಡತಿ!"

"ಅವಳು ಇಲ್ಲಿಲ್ಲ! ಒಂದು ಗಂಟೆಗೇ..."

"ಸುಳ್ಳಿ!" ಅವನು ಫೋನನ್ನು ಅವಳ ಕಣ್ಣಿಗೆ ಹಿಡಿದ. "ಇದು ಸುಳ್ಳು ಹೇಳುತ್ತಾ? ಇಲ್ಲಿದಾಳೆ! ಇಲ್ಲಿ!"

ಕಾವಲುಗಾರ ಹಿಂದಿನಿಂದ ಸೊಂಟ ಹಿಡಿದ. ಉಸ್ತಾದ ತಿರುಗಿ ಅವನ ಮೂಗಿಗೆ ಹಣೆಯಿಂದ ಗುದ್ದಿದ. ಮೂಗು ಮುರಿದ ಸದ್ದು ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಆಮೇಲೆ ಯಾರೂ ಹಿಡಿಯಲಿಲ್ಲ. ಅವನು ಹಬೆಯೊಳಗೆ ಹೋದ. "ಲೇ! ಎಲ್ಲಿದೀಯೇ! ಲೇ!" ಎಂದು ಕೂಗುವುದು ಹೊರಗೆ ಕೇಳುತ್ತಿತ್ತು. ಕುದಿನೀರಿನಲ್ಲಿ ನೆನೆದ ಹಾಸಿಗೆ ಬಟ್ಟೆಯ ರಾಶಿಗಳನ್ನು ಎರಡೂ ಕೈಯಲ್ಲಿ ಬಗೆದು ಬಗೆದು ನೋಡಿದ್ದ. ಅಗ್ನಿಶಾಮಕದವರು ಎಳೆದು ತಂದಾಗ ಮೊಣಕೈಯವರೆಗೆ ಚರ್ಮ ಒದ್ದೆ ಕೈಗವಸಿನ ಹಾಗೆ ಜೋತಿತ್ತು.

ಆ ದಿನ ಸುಟ್ಟುಕೊಂಡವನು ಅವನೊಬ್ಬನೇ.

ಸೊಸೆ ನಾಲ್ಕೂವರೆಗೆ ವಾರ್ಡಿಗೆ ಬಂದಳು. ಆ ಹೊತ್ತಿಗೆ ಸೈರನ್ ಹಾಕಿ ಓಡಿಸುವ ಅಭ್ಯಾಸ ನಡೆದಿತ್ತಂತೆ, ಬ್ಯಾಗಿನಲ್ಲಿದ್ದ ಫೋನು ಕೇಳಿಸಲಿಲ್ಲವಂತೆ. ಮೈಮೇಲೆ ತರಬೇತಿಯ ನೀಲಿ ಅಂಗಿ, ಇಸ್ತ್ರಿ ಕೂಡ ಕೆಟ್ಟಿರಲಿಲ್ಲ. ಉಸ್ತಾದನ ಕೈಗಳು ದಿಂಬಿನಷ್ಟು ದಪ್ಪ ಬ್ಯಾಂಡೇಜಿನಲ್ಲಿದ್ದವು. ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಬದುಕಿದೀಯಾ?"

"ಹ್ಞೂಂ."

"ಎಲ್ಲಿದ್ದೆ?"

ಅವಳು ಹೇಳಿದಳು. ಮೈದಾನ, ಅರ್ಜಿ, ಕ್ವಾರ್ಟರ್ಸ್, ಎಲ್ಲ. ಅವನು ಮೇಲ್ಛಾವಣಿ ನೋಡುತ್ತಾ ಕೇಳಿದ. ಕಸುಬಿನವನು, ತಿಳಿಯಲು ಹೊತ್ತಾಗಲಿಲ್ಲ.

"ಚುಕ್ಕಿಯನ್ನ ಮೊಳೆ ಹೊಡೆದು ನಿಲ್ಲಿಸಿದಾಳೆ," ಎಂದ. "ಅಲ್ಲಾಡಿಸಬೇಕಿತ್ತು. ಯಾರ ಚುಕ್ಕಿಯೂ ಅಷ್ಟು ಗಟ್ಟಿಯಾಗಿ ನಿಲ್ಲಲ್ಲ. ನನಗೆ ಮೊದಲೇ ಹೊಳೀಬೇಕಿತ್ತು." ಆಮೇಲೆ ಮಂಚದ ಪಕ್ಕ ಸ್ಟೂಲಿನ ಮೇಲಿದ್ದ ತಂಗಿಯನ್ನು ಕಾಲಿನಿಂದ ಒದ್ದ. ಅವಳು ಕಬ್ಬಿಣದ ಕಪಾಟಿಗೆ ಬಡಿದು ಬಿದ್ದಳು. ಎದ್ದು, ಒಡೆದ ತುಟಿಯನ್ನು ಅಂಗೈಯಿಂದ ಒತ್ತಿಕೊಂಡು ಹೊರಗೆ ಹೋದಳು. ಅಂಗಡಿಯ ಕಡೆ ಮತ್ತೆ ತಲೆ ಹಾಕಲಿಲ್ಲ.

ಹಾಸಿಗೆ ಖಾಲಿಯಿಲ್ಲ, ದಿನಾ ಡ್ರೆಸ್ಸಿಂಗಿಗೆ ಕರೆತನ್ನಿ ಎಂದು ಮೂರನೇ ದಿನ ಅವನನ್ನು ಮನೆಗೆ ಕಳಿಸಿದರು. ಇನ್ನೊಬ್ಬರೇ ಅಂಗಿಯ ಗುಂಡಿ ಹಾಕಬೇಕು, ಮುಖ ಒರೆಸಬೇಕು, ತುತ್ತು ಇಡಬೇಕು. ಬ್ಯಾಂಡೇಜಿನ ಕೈಗೆ ಫೋನೂ ಓಗೊಡುತ್ತಿರಲಿಲ್ಲ. ನೋಡಲು ಬಂದವರೆಲ್ಲ ಒಂದೇ ಮಾತು. "ಹೆಂಡತಿಗೋಸ್ಕರ ಬೆಂಕಿಗೆ ಹಾರಿದ ಗಂಡು." ಅತ್ತೆಯೂ ಮಗನ ಕಡೆ ತಿರುಗಿಬಿಟ್ಟಳು.

"ಹೊಡೆದಿರಬಹುದು, ಇಲ್ಲ ಅನ್ನಲ್ಲ. ಆದ್ರೆ ನಿನಗೋಸ್ಕರ ಕೈ ಕೊಟ್ಟ. ಯಾರು ಕೊಡ್ತಾರೆ ಹೇಳು? ನಮ್ಮ ಯಜಮಾನರು ನನಗೋಸ್ಕರ ಕೊಡೆ ಕೂಡ ಬಿಚ್ಚಲಿಲ್ಲ."

"ನಿಜ ಅತ್ತೆ."

"ಹಾಗಾದ್ರೆ ಆ ಪರೀಕ್ಷೆ ಗಿರೀಕ್ಷೆ ಬಿಡು. ಅವನ ಕೈ ವಾಸಿ ಆಗಲಿ."

"ಕೈ ವಾಸಿ ಆದ ಮೇಲೆ ಅದು ಏನು ಮಾಡುತ್ತೆ ಅತ್ತೆ?"

ಅತ್ತೆ ಬೇಳೆಗೆ ಒಗ್ಗರಣೆ ಹಾಕಲು ಎದ್ದಳು.

ಆರನೇ ವಾರವೆಲ್ಲ ಸೊಸೆ ರಜೆ ಹಾಕಿ ಅವನಿಗೆ ತಿನ್ನಿಸಿದಳು. ಒಮ್ಮೆ ಅವನು, "ಆ ಹಬೆಯಲ್ಲಿ ನಿನ್ನ ಕಾಲು ಅಂತ ಒಂದು ಬಟ್ಟೆ ಗಂಟು ಹಿಡಿದೆ," ಎಂದ. ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಅವನಿಗೆ ಧೈರ್ಯ ಬಂತೋ ಏನೋ.

ಶುಕ್ರವಾರ ಮಧ್ಯಾಹ್ನ ಅವಳು ಬ್ರೆಡ್ಡನ್ನು ಬೇಳೆಯಲ್ಲಿ ಅದ್ದಿ ಕೊಡುತ್ತಿದ್ದಳು.

"ನಾಳೆ ಪರೀಕ್ಷೆಗೆ ಹೋಗಲ್ಲ ತಾನೇ?" ಎಂದ.

"ಹೋಗ್ತೀನಿ ರೀ."

"ನನ್ನ ಕೈ ನೋಡು."

"ನೋಡಿದೀನಿ. ಹೇಗೆ ಮರೀಲಿ? ಹೋಗ್ತೀನಿ. ದಿನಾ ಬಂದು ಡ್ರೆಸ್ಸಿಂಗಿಗೆ ಕರ್ಕೊಂಡು ಹೋಗ್ತೀನಿ. ಇಲ್ಲಿರಲ್ಲ."

ಅವನು ತಲೆಯಾಡಿಸಿದ. ಮುಂದಿನ ತುತ್ತಿಗೆ ಬಾಯಿ ತೆರೆದ. ಅವಳು ಬ್ರೆಡ್ಡು ಇಟ್ಟಳು. ಅವನು ಅವಳ ತೋರುಬೆರಳಿನ ಮೇಲೆ ಹಲ್ಲು ಮುಚ್ಚಿದ.

ಮೊದಲು ಅವಳು ಕೂಗಲೇ ಇಲ್ಲ, ಆಟವೆಂದು ತಿಳಿದವಳ ಹಾಗೆ ನೋಡಿದಳು. ಆಮೇಲೆ ಕೂಗಿದಳು. ಬೇಳೆಯ ಜೊತೆ ರಕ್ತ ಅವನ ಗಲ್ಲದಿಂದ ಬ್ಯಾಂಡೇಜಿಗೆ ಇಳಿಯಿತು. ಅವಳು ಇನ್ನೊಂದು ಕೈಯಿಂದ ಅವನ ಹಣೆಗೆ ಗುದ್ದಿದಳು, ಕೂದಲು ಕಿತ್ತಳು. ಅವನು ಕಣ್ಣು ಮುಚ್ಚಿ ಇನ್ನೂ ಬಿಗಿದ. ಸೂಜಿ ಓಡಿ ಬಂದು ದವಡೆಗೆ ಕೈ ಹಾಕಿದಳು. ಆಗಲಿಲ್ಲ.

"ಸರಿ," ಎಂದಳು ಅತ್ತೆ. ಒಲೆಯ ಹತ್ತಿರದಿಂದ ಬಂದು ಮಗನ ತಲೆಯನ್ನು ತನ್ನ ಹೊಟ್ಟೆಗೆ ಅವುಚಿಕೊಂಡು ಮೂಗನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದಳು. ಮಕ್ಕಳಿಗೆ ಔಷಧಿ ಕುಡಿಸುವ ಹಾಗೆ. ಅವನು ಒದ್ದಾಡಿದ, ಕಾಲಿನಿಂದ ಮೇಜು ಕೆಡವಿದ, ಮುಖ ನೀಲಿಗಟ್ಟಿತು. ಅವಳು ಬಿಡಲಿಲ್ಲ. ಬಾಯಿ ತೆರೆಯಿತು. ಬೆರಳು ಹೊರಗೆ ಬಂತು. ಅವಳು ಆಗಲೂ ಬಿಡಲಿಲ್ಲ, ಇನ್ನೊಂದು ಅಂಗೈಯಿಂದ ತೆರೆದ ಬಾಯನ್ನೂ ಮುಚ್ಚಿದಳು.

"ಅಮ್ಮಾ!" ಸೂಜಿ ಚೀರಿದಳು. "ಅಮ್ಮಾ, ಸಾಯ್ತಾನೆ!"

ಅತ್ತೆ ಕೈ ತೆಗೆದು, ಮಗನ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು. ಅವನು ಕೆಮ್ಮುತ್ತಾ ನೆಲಕ್ಕೆ ಕುಸಿದ.

"ಇನ್ನು ಮೇಲೆ ನಾನು ತಿನ್ನಿಸ್ತೀನಿ ಇವನಿಗೆ. ಉದ್ದನೆ ಚಮಚದಲ್ಲಿ," ಎಂದಳು. ಸೊಸೆಯ ಕಡೆ ತಿರುಗದೆ, "ನೀನು ಹೊಲಿಗೆ ಹಾಕಿಸ್ಕೊ ಹೋಗು. ಹಾಗೇ ಬಟ್ಟೆಬರೆ ತಗೊಂಡು ಹೋಗು. ಮತ್ತೆ ಬರೋ ಕೆಲಸ ಇಟ್ಕೋಬೇಡ. ಸೂಜಿ, ನೀನೂ."

"ನೀನೊಬ್ಬಳೇ ಇರ್ತೀಯಾ ಇವನ ಜೊತೆ?"

"ಹೆತ್ತಿದೀನಲ್ಲ, ಯಾರಿಗೆ ಬಿಟ್ಟು ಹೋಗಲಿ?"

ಶನಿವಾರ ಹತ್ತು ಗಂಟೆಗೆ ಮೈದಾನದಲ್ಲಿ ಏಳು ಜನ ಸಾಲಾಗಿ ನಿಂತಿದ್ದರು. ಪರೀಕ್ಷಕ ಕೊಡೆಯ ಕೆಳಗೆ ಕುರ್ಚಿ ಹಾಕಿಕೊಂಡು ಪಟ್ಟಿ ನೋಡುತ್ತಿದ್ದ. ಸೊಸೆಯ ಸರದಿ ಬಂದಾಗ ಅವಳ ಬಲಗೈ ನೋಡಿದ. ತೋರುಬೆರಳಿಗೆ ಹನ್ನೊಂದು ಹೊಲಿಗೆ, ಮೇಲೆ ಪಟ್ಟಿ.

"ಏನಮ್ಮ ಇದು?"

"ಕಚ್ಚಿದ್ದು ಸಾರ್."

"ನಾಯಿನಾ? ಇಂಜೆಕ್ಷನ್ ತಗೊಂಡ್ಯಾ?"

"ನಾಯಿ ಅಲ್ಲ ಸಾರ್. ಮನೆಯಲ್ಲಿ."

ಪರೀಕ್ಷಕ ಕನ್ನಡಕ ತೆಗೆದ. "ಕೈ ಹೀಗಿದ್ರೆ ಹೇಗೆ ಓಡಿಸ್ತೀಯ? ಮುಂದಿನ ತಿಂಗಳು ಇನ್ನೊಂದು ಬ್ಯಾಚಿದೆ. ವಾಸಿ ಮಾಡ್ಕೊಂಡು ಬಾ."

"ಮುಂದಿನ ತಿಂಗಳಿಗೆ ಮಿಕ್ಕ ಬೆರಳು ಇರುತ್ತವೋ ಇಲ್ವೋ ಸಾರ್. ಇವತ್ತೇ ನೋಡಿಬಿಡಿ."

ಅವನು ಅವಳನ್ನು ನೋಡಿದ. ಆಮೇಲೆ ಆಂಬುಲೆನ್ಸಿನ ಪಕ್ಕದ ಸೀಟಿಗೆ ಹತ್ತಿ ಕೂತ. ಅವಳು ಏಳು ಕಂಬಗಳ ನಡುವೆ ಹಾವಿನ ಹಾಗೆ ಮುಂದಕ್ಕೆ ಹೋಗಿ, ಅದೇ ದಾರಿಯಲ್ಲಿ ಹಿಂದಕ್ಕೆ ಬಂದಳು. ಹಿಂದೆ ಸ್ಟ್ರೆಚರಿನ ಮೇಲೆ ರೋಗಿಯಿದ್ದಾನೆಂದುಕೊಂಡು ಗುಂಡಿಗಳ ಮೇಲೆ ನಿಧಾನಕ್ಕೆ ದಾಟಿಸಿದಳು. ಕೊನೆಯ ತಿರುವಿನಲ್ಲಿ ಎರಡು ಹೊಲಿಗೆ ಬಿಚ್ಚಿದವು. ಅವಳು ಸ್ಟೀರಿಂಗ್ ಬಿಡಲಿಲ್ಲ.

ಗಾಡಿ ನಿಂತಿತು. ಪರೀಕ್ಷಕ ತೊಡೆಯ ಮೇಲಿನ ಹಾಳೆಯಲ್ಲಿ ಏನನ್ನೋ ಗುರುತು ಹಾಕಿ, ಹೆಸರಿನ ಕೆಳಗೆ ಸಹಿ ಮಾಡಿದ.

"ಸೋಮವಾರ ಬಂದು ಕ್ವಾರ್ಟರ್ಸಿನ ಕೀಲಿ ತಗೊ," ಎಂದ. ಬಾಗಿಲು ತೆಗೆದು ಇಳಿಯುತ್ತಾ ಸ್ಟೀರಿಂಗಿನ ಕಡೆ ಕೈ ತೋರಿಸಿದ. "ಅದನ್ನ ಒರೆಸಿ ಇಳಿ. ಮುಂದಿನವನು ರಕ್ತ ನೋಡಿದ್ರೆ ಹೆದರ್ತಾನೆ."